ತೋಟಕ್ಕೆ ಇಳಿಯದ ಮೂರು ಚಕ್ರ

ನಮ್ಮ ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನವರ ಹೆಲಿಕಾಪ್ಟರ್ ಕಾರ್ಖಾನೆ ಇದೆ. 615 ಎಕರೆ. 2023ರ ಫೆಬ್ರವರಿಯಲ್ಲಿ ಪ್ರಧಾನಿಗಳೇ ಬಂದು ಉದ್ಘಾಟನೆ ಮಾಡಿದರು. ಸಂತೋಷ. ಆದರೆ ಅಲ್ಲಿಂದ ಈಚೆಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಸಣ್ಣ ರೈತರ ತೋಟಗಳಿಗೆ ಬನ್ನಿ. ಮರದಡಿ ಬಿದ್ದ ತೆಂಗಿನಕಾಯಿ ಈಗಲೂ ತಲೆ ಮೇಲಿನ ಮಂಕರಿಯಲ್ಲೇ ತೋಟದ ಬಾಗಿಲಿಗೆ ಬರುತ್ತೆ. ಹಾರೋ ಯಂತ್ರ ಮಾಡೋಕೆ ಬರುತ್ತೆ, ಕಾಯಿ ಹೊರೋ ಯಂತ್ರ ಮಾಡೋಕೆ ಬರಲ್ಲ ಅಂದ್ರೆ ಹೆಂಗೆ ಸ್ವಾಮಿ?

ಸಿಟಿಯಲ್ಲೇ ಬೆಳೆದವರಿಗೆ ಸ್ವಲ್ಪ ವಿವರ ಹೇಳಬೇಕು. ನಮ್ಮ ಕಡೆಯದು ಉಂಡೆ ಕೊಬ್ಬರಿ. ಕಾಯಿಯನ್ನು ಸಿಪ್ಪೆ ಸಮೇತ ಮನೆಯ ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗೆ ನೀರು ಬತ್ತಿ ಕೊಬ್ಬರಿಯಾಗುತ್ತೆ. ಆಮೇಲೆ ಸುಲಿದು, ಚಿಪ್ಪು ಒಡೆದು ತಿಪಟೂರು ಮಾರ್ಕೆಟ್‌ಗೆ. ಅಂದ್ರೆ ತೋಟದಿಂದ ಅಟ್ಟದವರೆಗೆ ಕೊಬ್ಬರಿಯ ಜೊತೆ ಸಿಪ್ಪೆ, ಚಿಪ್ಪು, ನೀರು ಎಲ್ಲದರ ತೂಕವನ್ನೂ ಹೊರಲೇಬೇಕು.

ಮೊದಲು ಎತ್ತಿನ ಗಾಡಿ ಇತ್ತು. ಎತ್ತು ಹೋದವು. ಎರಡು ಎಕರೆಯವನು ಟ್ರಾಕ್ಟರ್ ಕೊಳ್ಳೋಕಾಗಲ್ಲ. ಬಾಡಿಗೆಗೆ ಕರೆಸಿದರೆ ಅದು ಡ್ರಿಪ್ ಪೈಪ್ ತುಳಿಯುತ್ತೆ, ನಡುವೆ ಅಡಿಕೆ, ಬಾಳೆ ಇದ್ದರೆ ತಿರುಗೋಕೆ ಜಾಗ ಇರಲ್ಲ. ಇನ್ನು ಗೂಡ್ಸ್ ಆಟೋ? ಗಾಡಿ ಜಾಡಿನಲ್ಲಿ ಎರಡು ಪಕ್ಕ ಹಳ್ಳ, ನಡುವೆ ದಿಬ್ಬ. ಹಿಂದಿನ ಎರಡು ಚಕ್ರ ಹಳ್ಳದಲ್ಲಿ, ಮುಂದಿನ ಒಂಟಿ ಚಕ್ರ ದಿಬ್ಬದ ಮೇಲೆ. ಒಂದು ಮಳೆ ಬಿದ್ದರೆ ಮುಗೀತು. ಆಟೋ ಟಾರು ರಸ್ತೆಗೆ ಹುಟ್ಟಿದ ಗಾಡಿ. ಬೇಕಾಗಿರೋದು ಮಣ್ಣಿಗೆ ಹುಟ್ಟಿದ, ನಿಧಾನವಾಗಿ ಹೋಗುವ, ಚಿಕ್ಕ ಗಾಡಿ.

ಇದು ಯಾರಿಗೂ ಹೊಳೆದಿಲ್ಲ ಅಂದುಕೊಳ್ಳಬೇಡಿ. 1967ರಲ್ಲಿ ಹೋಂಡಾದ ಅಮೆರಿಕ ಶಾಖೆ ಚಳಿಗಾಲದಲ್ಲಿ ಮಾರೋಕೆ ಏನಾದರೂ ಕೊಡಿ ಅಂತ ಕೇಳಿತು. ಒಸಾಮು ತಾಕೆಯುಚಿ ಅನ್ನೋ ಎಂಜಿನಿಯರ್ ಎರಡು ಚಕ್ರದಿಂದ ಆರು ಚಕ್ರದವರೆಗೆ ಮಾಡಿ ನೋಡಿದರು. ಹಿಮ, ಕೆಸರಲ್ಲಿ ಮೂರೇ ಚಕ್ರ ವಾಸಿ ಅನ್ನಿಸಿತು. ಉಳಿದವು ಶೆಡ್ ಬಿಟ್ಟು ಹೊರಗೆ ಬರಲಿಲ್ಲ. ಊದಿದ ಟೈರಿನ ಮೂರು ಚಕ್ರದ ಗಾಡಿ 1970ರಲ್ಲಿ ಮಾರುಕಟ್ಟೆಗೆ ಬಂತು. ಇಲ್ಲಿ ನೋಡಬೇಕಾದ್ದು ಒಂದೇ: ಮೊದಲನೆಯದು ಸರಿ ಹೋಗದಿದ್ದಾಗ ಎರಡನೆಯದನ್ನು, ಮೂರನೆಯದನ್ನು ಮಾಡೋಕೆ ಆ ಮನುಷ್ಯನಿಗೆ ಸಂಬಳ ಸಿಗುತ್ತಿತ್ತು.

ನಮ್ಮ ದೇಶದಲ್ಲೂ ಆಗಿದೆ. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖ್‌ಭಾಯಿ ಜಗಾನಿ 1990ರ ದಶಕದಲ್ಲಿ ಬುಲೆಟ್‌ನ ಹಿಂದಿನ ಚಕ್ರ ತೆಗೆದು, ಆ ಜಾಗಕ್ಕೆ ಎರಡು ಚಕ್ರ, ನೇಗಿಲು ಕಟ್ಟುವ ಪಟ್ಟಿ ಕೂರಿಸಿ ಉಳುಮೆಯ ಗಾಡಿ ಮಾಡಿದರು. ಭಾರತದಲ್ಲೂ ಅಮೆರಿಕದಲ್ಲೂ ಪೇಟೆಂಟ್ ಸಿಕ್ಕಿತು. ಅದನ್ನು ಸೌರಾಷ್ಟ್ರದಲ್ಲಿ ಹರಡಿದ್ದು ಅಲ್ಲಿನ ಸಣ್ಣ ವರ್ಕ್‌ಶಾಪ್‌ಗಳು, ದೊಡ್ಡ ಕಂಪನಿಗಳಲ್ಲ.

ಈಗ ನಮ್ಮ ಕಡೆಗೆ ಬರೋಣ. ಇಲ್ಲಿ ತಲೆಗೂ ಬರವಿಲ್ಲ, ಗಾಡಿಗೂ ಬರವಿಲ್ಲ. ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆ 2007ರಿಂದ ನಡೀತಿದೆ. ದೇಶದ ಕಾಲೇಜುಗಳ ಹುಡುಗರು ಒಬ್ಬರೇ ಕೂರುವ ಕಾಡುಗಾಡಿ ಕಟ್ಟಿ ಟ್ರ್ಯಾಕ್‌ನಲ್ಲಿ ಓಡಿಸುತ್ತಾರೆ. ನಮ್ಮದೇ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ದುಡ್ಡು ಕೊಡುತ್ತಿದೆ. ನಾನು ಬಿಇ ಓದುವಾಗ ಮೆಕ್ಯಾನಿಕಲ್‌ನ ಗೆಳೆಯರು ಹಳೆ ಆಟೋದ ಹಿಂದಿನ ಆಕ್ಸಲ್ ತಂದು ತೋಟದ ಗಾಡಿಯೊಂದನ್ನು ಕಟ್ಟಿದ್ದರು. ಎಕ್ಸ್‌ಟರ್ನಲ್ ಮೇಷ್ಟ್ರು ಒಂದು ರೌಂಡ್ ಓಡಿಸಿ ನಕ್ಕರು. ವೈವಾ ಆಯ್ತು, ಮಾರ್ಕ್ಸ್ ಬಂತು, ಗಾಡಿ ಶೆಡ್ ಸೇರಿತು. ಮುಂದಿನ ವರ್ಷದ ಬ್ಯಾಚ್ ಮತ್ತೆ ಗುಜರಿಯಿಂದ ಶುರು ಮಾಡಿತು. ಆ ಗಾಡಿ ಒಂದೇ ಒಂದು ದಿನವೂ ತೆಂಗಿನಕಾಯಿ ಹೊರಲಿಲ್ಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಹೀಗೆ ನಡೆಯುತ್ತಾ? ಬಿಟ್ಟು ಹೋಗುವವನು ಹ್ಯಾಂಡೋವರ್ ಕೊಡಬೇಕು, ಏನೇನು ಕೆಟ್ಟಿದೆ ಅಂತ ಪಟ್ಟಿ ಬರೆದಿಡಬೇಕು. ಮುಂದಿನವನು ಅಲ್ಲಿಂದ ಶುರು ಮಾಡ್ತಾನೆ. ಪ್ರತಿ ವರ್ಷ ಕೋಡನ್ನೆಲ್ಲ ಅಳಿಸಿ ಸೊನ್ನೆಯಿಂದ ಬರೆಯೋ ಕಂಪನಿ ಎಷ್ಟು ದಿನ ಬದುಕೀತು?

ಮೂರು ಚಕ್ರ ಮಗುಚಿಕೊಳ್ಳುತ್ತೆ ಅಂತ ಬುದ್ಧಿವಂತರು ಹೇಳ್ತಾರೆ. ನಿಜ. ಅಮೆರಿಕದಲ್ಲಿ ಅಪಘಾತಗಳು ಹೆಚ್ಚಾಗಿ, 1988ರಲ್ಲಿ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಜೊತೆ ಒಪ್ಪಂದವಾಗಿ, ಕಂಪನಿಗಳು ಅಂಥ ಹೊಸ ಗಾಡಿಗಳ ಮಾರಾಟ ಕೈಬಿಟ್ಟವು. ಆದರೆ ಅದು ಮೋಜಿಗೆ ಜೋರಾಗಿ ಓಡಿಸುವ ಗಾಡಿ. ನಮಗೆ ಬೇಕಾಗಿರೋದು ಮನುಷ್ಯ ನಡೆಯೋ ವೇಗದ್ದು. ಭಾರ ಕೆಳಗಿರಲಿ, ಹಿಂದಿನ ಆಕ್ಸಲ್ ಹತ್ತಿರ ಇರಲಿ. ಪಕ್ಕಕ್ಕೆ ಮಗುಚೋದು ಕಡಿಮೆಯಾಗುತ್ತೆ. ತೀರಾ ಹಿಂದಕ್ಕೆ ಹೋದರೆ ಬದು ಹತ್ತುವಾಗ ಮೂತಿ ಎತ್ತುತ್ತೆ, ಅದನ್ನೂ ಅಳೆಯಬೇಕು. ಎರಡು ಚಕ್ರ ಮುಂದಿಟ್ಟೂ ನೋಡಬಹುದು. ಅಷ್ಟಾದರೂ ಆಗದಿದ್ದರೆ ನಾಲ್ಕನೇ ಚಕ್ರ ಹಾಕಿ, ನನಗೇನು ಮೂರರ ಹರಕೆ ಇಲ್ಲ. ಇದನ್ನೆಲ್ಲ ತೀರ್ಮಾನ ಮಾಡೋಕೇ ಎರಡನೇ ಗಾಡಿ ಬೇಕು ಅಂತಿರೋದು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನು ನಮ್ಮಿಷ್ಟಕ್ಕೆ ಬದಲಿಸುವಂತಿಲ್ಲ. ಕೇಂದ್ರ ನಿಯಮಾವಳಿಯ 126ನೇ ನಿಯಮದಂತೆ ಪ್ರತಿ ಮಾದರಿ ಗಾಡಿಯೂ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಪಾಸಾಗಬೇಕು. ಇರಲೇಬೇಕು, ತೋಟದ ಗಾಡಿ ನಾಳೆ ಹೈವೇಗೂ ಬಂದೀತು. ಆದರೆ ಅಲ್ಲಿಯವರೆಗೆ ಗಾಡಿ ಒಯ್ಯೋ ತಾಕತ್ತು ತಿಪಟೂರಿನ ವೆಲ್ಡಿಂಗ್ ಶಾಪಿನವನಿಗಿಲ್ಲ. ಕಾಲೇಜಿಗಿದೆ, ಸರ್ಕಾರಕ್ಕಿದೆ.

ಉಂಡೆ ಕೊಬ್ಬರಿಗೆ 2025ರ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಅದನ್ನು ಏರಿಸಿ ಅಂತ ಪ್ರತಿಭಟನೆ ಮಾಡ್ತೀವಿ, ಮಾಡಬೇಕಾದ್ದೇ. ಆದರೆ ಕೂಲಿ ಖರ್ಚು ಇಳಿಸೋ ಯಂತ್ರ ಕೊಡಿ ಅಂತ ಯಾವ ಪಕ್ಷದ ಯಾವ ನಾಯಕನನ್ನಾದರೂ ಕೇಳಿದ್ದೀವಾ?

ನನ್ನ ಬೇಡಿಕೆ ದೊಡ್ಡದಲ್ಲ. ಮೊದಲ ಮಾದರಿಗೆ ಪೂರ್ತಿ ಮಾರ್ಕ್ಸ್ ಕೊಡೋದನ್ನ ನಿಲ್ಲಿಸಿ. ಒಂದೇ ಗಾಡಿ ಮೂರು ಬ್ಯಾಚ್‌ಗಳ ಕೈ ದಾಟಲಿ, ಮೂರು ಮಳೆಗಾಲ ಒಂದು ನಿಜವಾದ ತೋಟದಲ್ಲಿ ಕಾಯಿ ಹೊರಲಿ. ಮಾರ್ಕ್ಸ್ ಹಾಕೋ ಟೇಬಲ್‌ನಲ್ಲಿ ತೋಟದವನಿಗೂ ಒಂದು ಕುರ್ಚಿ ಇರಲಿ. ಮಂಡಳಿಯ ದುಡ್ಡು ಮೂರನೇ ವರ್ಷಕ್ಕೂ ಬರಲಿ, ಪರೀಕ್ಷೆಯ ಖರ್ಚನ್ನು ಸರ್ಕಾರ ಭರಿಸಲಿ, ಪಾಸಾದ ಗಾಡಿಯ ನಕ್ಷೆ ತಾಲ್ಲೂಕಿನ ವರ್ಕ್‌ಶಾಪ್‌ಗಳಿಗೆ ಸಿಗಲಿ.

ಇದನ್ನು ಓದುತ್ತಿರುವ ಬಿಇಗಳೇ, ಮುಂದಿನ ಸಲ ಹಳೆ ವಿದ್ಯಾರ್ಥಿಗಳ ಸಭೆಗೆ ಕಾಲೇಜು ಕರೆದಾಗ ಹೋಗಿ. ಶಾಲು ಹಾಕಿಸಿಕೊಂಡು, ಬಿರಿಯಾನಿ ತಿಂದು ಬರಬೇಡಿ. ಮೈಕ್ ಕೈಗೆ ಬಂದಾಗ ಒಂದೇ ಪ್ರಶ್ನೆ ಕೇಳಿ: ಹೋದ ವರ್ಷ ಹುಡುಗರು ಕಟ್ಟಿದ ಗಾಡಿ ಈಗ ಎಲ್ಲಿದೆ?