ಟೆಲಿಫೋಟೋ ಮಸೂರ: ಬಲ ನೋಡಬೇಕೋ, ಅಳತೆ ನೋಡಬೇಕೋ?

ಹಳೆಯ ಕ್ಯಾಮರಾಗಳ ಮೇಲಿನ ಅಕ್ಕರೆ ಈಚಿನ ವರ್ಷಗಳಲ್ಲಿ ಮತ್ತೆ ಚಿಗುರಿದೆ. 1950-60ರ ದಶಕಗಳ ರೇಂಜ್‌ಫೈಂಡರ್ ಕ್ಯಾಮರಾವೊಂದನ್ನು ಸಂಪಾದಿಸಿದವರು ಬಹುಬೇಗನೆ ಆ ಕಾಲದ ಟೆಲಿಫೋಟೋ ಮಸೂರವೊಂದನ್ನೂ ಅರಸತೊಡಗುತ್ತಾರೆ. ಆಗ ಅವರ ಮನಸ್ಸು ಹೆಚ್ಚು ನಾಭಿದೂರವುಳ್ಳ, ಹೆಚ್ಚು ಬೆಳಕನ್ನು ಒಳಗೊಳ್ಳುವ ಮಸೂರದ ಕಡೆಗೆ ಓಡುವುದು ಸಹಜ. ಆದರೆ ಈ ಆಯ್ಕೆ ಬಹುಮಟ್ಟಿಗೆ ತಪ್ಪೆಂಬುದು ನನ್ನ ಅಭಿಪ್ರಾಯ. ಮಸೂರದ ಬಲವನ್ನು ವಿಚಾರಿಸುವ ಮುನ್ನ, ಕ್ಯಾಮರಾ ದೂರವನ್ನು ಎಷ್ಟು ನಿಖರವಾಗಿ ಅಳೆಯಬಲ್ಲುದೆಂಬುದನ್ನು ವಿಚಾರಿಸಬೇಕು.

ಈ ಬಗೆಯ ಕ್ಯಾಮರಾದಲ್ಲಿ ನಾವು ಮಸೂರದ ಮೂಲಕ ನೋಡುವುದಿಲ್ಲ. ಮೇಲ್ಭಾಗದಲ್ಲಿ ತುಸು ಅಂತರದಲ್ಲಿರುವ ಎರಡು ಕಿಂಡಿಗಳಿಂದ ಒಂದೇ ವಸ್ತುವಿನ ಎರಡು ಬಿಂಬಗಳು ಒಳಬರುತ್ತವೆ. ಮಸೂರದ ಉಂಗುರವನ್ನು ತಿರುಗಿಸಿದಾಗ ಅವು ಒಂದರ ಮೇಲೊಂದು ಕುಳಿತರೆ ದೂರ ಸರಿಹೊಂದಿತೆಂದು ಅರ್ಥ. ಭೂಮಾಪಕನು ನದಿಯ ಈಚೆ ದಡದಲ್ಲಿ ಆಧಾರರೇಖೆಯೊಂದನ್ನು ಎಳೆದು, ಆಚೆ ದಡದ ಮರದ ದೂರವನ್ನು ಲೆಕ್ಕಹಾಕುವ ವಿಧಾನವೇ ಇದು. ಆಧಾರ ಉದ್ದವಾದಷ್ಟೂ ಅಳತೆ ಕರಾರುವಾಕ್ಕಾಗುತ್ತದೆ. ಕಿಂಡಿಗಳ ಅಂತರವನ್ನು ವ್ಯೂಫೈಂಡರಿನ ವರ್ಧನೆಯಿಂದ ಗುಣಿಸಿದರೆ ಕ್ಯಾಮರಾದ ನಿಜವಾದ ಆಧಾರಬಲ ದೊರೆಯುತ್ತದೆ. 1954ರಲ್ಲಿ ಬಂದ ಲೈಕಾ ಎಂ3ರಲ್ಲಿ ಇದು ಸುಮಾರು 62 ಮಿಲಿಮೀಟರ್; ವರ್ಧನೆ 0.72 ಇರುವ ಅನಂತರದ ಲೈಕಾಗಳಲ್ಲಿ ಸುಮಾರು 50.

ಇನ್ನು ಮಸೂರವು ಬೇಡುವುದೆಷ್ಟು? ಆ ಬೇಡಿಕೆಯು ನಾಭಿದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಬೆಳಕಿನ ದ್ವಾರವನ್ನು ಕಿರಿದುಗೊಳಿಸಿದರೆ ಇಳಿಯುತ್ತದೆ. ನಮ್ಮ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿನಷ್ಟು ಕೋನವನ್ನು ಗುರುತಿಸಬಲ್ಲುದೆಂದೂ, ಫಿಲ್ಮಿನ ಮೇಲೆ 0.03 ಮಿಲಿಮೀಟರಿನಷ್ಟು ಮಸುಕನ್ನು ಸಹಿಸಬಹುದೆಂದೂ ಇಟ್ಟುಕೊಳ್ಳೋಣ. ಆಗ 90 ಮಿಲಿಮೀಟರಿನ ಎಫ್/4 ಮಸೂರಕ್ಕೆ 20 ಮಿಲಿಮೀಟರ್ ಆಧಾರ ಸಾಕು. 135 ಮಿಲಿಮೀಟರಿನ ಎಫ್/4 ಮಸೂರಕ್ಕೆ 44 ಬೇಕು; ಅದೇ ಎಫ್/2.8 ಆದರೆ 63. ಎಂದರೆ ಈ ಕೊನೆಯದು ಎಂ3ಕ್ಕೇ ಕಷ್ಟಸಾಧ್ಯ, ಉಳಿದವುಗಳಿಗೆ ನಿಲುಕದ್ದು. ತಯಾರಕರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. 1963ರಲ್ಲಿ ಲೈಟ್ಸ್ ಸಂಸ್ಥೆ 135 ಮಿಲಿಮೀಟರಿನ ಎಫ್/2.8 ಎಲ್ಮರಿಟ್ ಮಸೂರವನ್ನು ಹೊರತಂದಾಗ, ಬಿಂಬವನ್ನು ಒಂದೂವರೆ ಪಟ್ಟು ಹಿಗ್ಗಿಸುವ ಕನ್ನಡಕವೊಂದನ್ನು ಅದಕ್ಕೆ ಜೋಡಿಸಿಯೇ ಮಾರಿತು.

ಲೆಕ್ಕವನ್ನು ಕಡೆಗಣಿಸಿದ್ದರ ಫಲವನ್ನು ನಾನೂ ಉಂಡಿದ್ದೇನೆ. ದೊಡ್ಡ ದ್ವಾರದ, ಇಂತಹ ಕನ್ನಡಕವಿಲ್ಲದ 135 ಮಿಲಿಮೀಟರಿನ ಮಸೂರವೊಂದನ್ನು ಹೆಮ್ಮೆಯಿಂದ ಕೊಂಡು, ಜಗಲಿಯಲ್ಲಿ ಕುಳಿತಿದ್ದ ನನ್ನ ಸೋದರತ್ತೆಯ ಚಿತ್ರವನ್ನು ತೆಗೆದೆ. ಫಿಲ್ಮು ತೊಳೆದು ಬಂದಾಗ ಆಕೆಯ ಕಿವಿಯ ಓಲೆ ಸ್ಪಷ್ಟವಾಗಿ ಮೂಡಿತ್ತು, ಕಣ್ಣುಗಳು ಮಸುಕಾಗಿದ್ದುವು. ಮತ್ತೊಮ್ಮೆ ತೆಗೆಯೋಣವೆಂದುಕೊಂಡೆ. ಆ ಅವಕಾಶ ಒದಗಲಿಲ್ಲ. ಆಕೆಯ ಬೇರೆ ಚಿತ್ರ ನಮ್ಮಲ್ಲಿಲ್ಲ.

ದೂರದ ಬೆಟ್ಟಸಾಲನ್ನಷ್ಟೇ ಚಿತ್ರಿಸುವವರಿಗೆ, ಅಥವಾ ದ್ವಾರವನ್ನು ಎಫ್/8ಕ್ಕೆ ಕಿರಿದುಗೊಳಿಸಿ ಬಿಸಿಲಿನಲ್ಲಿ ಕೆಲಸ ಮಾಡುವವರಿಗೆ 135 ಅಡ್ಡಿಯಿಲ್ಲವೆಂದು ಯಾರಾದರೂ ಹೇಳಬಹುದು. ಆ ಮಾತು ನಿಜ. ಮಸೂರವು ಮೂಡಿಸುವ ಬಿಂಬವನ್ನೇ ಪರದೆಯಲ್ಲಿ ತೋರಿಸುವ ಇಂದಿನ ಡಿಜಿಟಲ್ ಕ್ಯಾಮರಾಗಳಿಗೆ ಹಳೆಯ ಮಸೂರವನ್ನು ಜೋಡಿಸುವವರಿಗೂ ಮೇಲಿನ ಮಿತಿ ಅನ್ವಯಿಸದು. ಆದರೆ ರೇಂಜ್‌ಫೈಂಡರನ್ನೇ ನಂಬಿ ಮನುಷ್ಯರ ಮುಖಗಳನ್ನು ಚಿತ್ರಿಸುವವರಿಗೆ 90 ಮಿಲಿಮೀಟರಿನ ಎಫ್/4 ಮಸೂರವೇ ಲೇಸು. ಆರೇಳು ದಶಕ ಬಾಳಿದ ಕ್ಯಾಮರಾದ ಅಳತೆ ತುಸು ತಪ್ಪಿದ್ದರೂ ಅದು ಕ್ಷಮಿಸುತ್ತದೆ. ಲೈಕಾದ 90 ಮಿಲಿಮೀಟರಿನ ಎಲ್ಮಾರ್ 1931ರಿಂದ ದಶಕಗಳ ಕಾಲ ತಯಾರಾದುದರಿಂದ ಇಂದಿಗೂ ದೊರೆಯುತ್ತದೆ. ಹಳೆಯ ತಿರುಪಿನ ಮಾದರಿಯನ್ನು ಅಡಾಪ್ಟರಿನ ಮೂಲಕ ಎಂ ಕ್ಯಾಮರಾಗಳಿಗೂ ಜೋಡಿಸಬಹುದು.

ಕೊಳ್ಳುವಾಗ ಮಸೂರದ ಹಿಂದೆ ಟಾರ್ಚು ಹಿಡಿದು ನೋಡತಕ್ಕದ್ದು. ಮಲೆನಾಡು, ಕರಾವಳಿಗಳ ಮಳೆಗಾಲ ಕಂಡ ಮಸೂರಗಳಲ್ಲಿ ಬೂಷ್ಟು ಜೇಡರಬಲೆಯಂತೆ ಹಬ್ಬಿರುವುದುಂಟು. ಅದು ಗಾಜಿನ ಲೇಪವನ್ನೇ ಕೊರೆದಿದ್ದರೆ ಒರೆಸಿ ಪ್ರಯೋಜನವಿಲ್ಲ. ಬಳಿಕ, ಸಾಧ್ಯವಾದರೆ, ನಿಮ್ಮದೇ ಕ್ಯಾಮರಾಕ್ಕೆ ಅದನ್ನು ಜೋಡಿಸಿ, ದ್ವಾರವನ್ನು ಪೂರ್ತಿ ತೆರೆದು, ಎರಡು ಮೀಟರು ದೂರದಲ್ಲಿ ಕುಳಿತವರ ಕಣ್ಣಿಗೆ ಗುರಿಯಿಟ್ಟು ಒಂದು ಫಿಲ್ಮು ತೆಗೆದುನೋಡಿ. ಕಣ್ಣು ತಿಳಿಯಾಗಿ ಮೂಡಿದರೆ ಹಣ ಕೊಡಿ.