ವಿಶೇಷ ಮಕ್ಕಳೂ ಶಾಲೆಯ ಆಪ್ತಸಮಾಲೋಚಕರೂ

ಸ್ಮರಣ ಸಂಚಿಕೆಯ ಪುಟಗಳಲ್ಲಿ ಶಾಲೆಯ ಫಲಿತಾಂಶ, ಹೊಸ ಕಟ್ಟಡ, ಕ್ರೀಡಾ ವಿಜಯಗಳ ವಿವರಗಳು ಬರುವುದು ಸಹಜವೂ ಹೌದು, ಉಚಿತವೂ ಹೌದು. ಆದರೆ ಈ ವಿವರಗಳಲ್ಲಿ ಎಂದೂ ಕಾಣಿಸಿಕೊಳ್ಳದ ಕೆಲವು ಮಕ್ಕಳು ಪ್ರತಿಯೊಂದು ಶಾಲೆಯಲ್ಲಿಯೂ ಇರುತ್ತಾರೆ. ಮಾತಿನಲ್ಲಿ ಚುರುಕಾಗಿದ್ದರೂ ಒಂದು ವಾಕ್ಯವನ್ನು ತಪ್ಪಿಲ್ಲದೆ ಓದಲಾರದವರು, ಕಿವಿ ಮಂದವಾಗಿ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತವರು, ಐದು ನಿಮಿಷವೂ ಒಂದೆಡೆ ನಿಲ್ಲಲಾರದವರು. ಇವರನ್ನು ದಡ್ಡ, ಸೋಮಾರಿ, ತುಂಟ ಎಂಬ ಮೂರೇ ಹೆಸರುಗಳಿಂದ ಕರೆದು ಸುಮ್ಮನಾಗುವುದು ನಮಗೆ ರೂಢಿಯಾಗಿಬಿಟ್ಟಿದೆ. ಇಂಥ ಮಕ್ಕಳಿಗಾಗಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರು ಶಾಲೆಯಲ್ಲಿ ಇರಲೇಬೇಕು, ಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳು ಈ ಕಾರ್ಯದಲ್ಲಿ ಮುಂದಾಗಬೇಕು ಎಂಬುದೇ ಈ ಲೇಖನದ ಅರಿಕೆ.

ನಮ್ಮ ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಈ ಅಗತ್ಯವು ಇತರೆಡೆಗಿಂತ ಹೆಚ್ಚಾಗಿಯೇ ಇದೆ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಕೆಲಸ ಆರಂಭಿಸಿದಂದಿನಿಂದ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ, ಇಲ್ಲಿನ ಸಂಸಾರಗಳು ಗಣಿಯ ಸೈರನ್ನಿನ ಕೂಗಿಗೆ ಹೊಂದಿಕೊಂಡು ಬಾಳಿದವು. ತಂದೆ ಪಾಳಿ ಮುಗಿಸಿ ಬಂದರೆ ಮನೆ ಹತ್ತಿರದಲ್ಲಿಯೇ ಇತ್ತು. ಇಂದು ಆ ಸ್ಥಿತಿ ಇಲ್ಲ. ಸಾವಿರಾರು ಮಂದಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುತ್ತಾರೆ. ಮಗು ಏಳುವ ಮುನ್ನ ಹೊರಟು, ಮಗು ಮಲಗುವ ಹೊತ್ತಿಗೆ ಮನೆ ಸೇರುವ ತಂದೆತಾಯಿಯರು ಶಾಲೆಯ ಪೋಷಕರ ಸಭೆಗೆ ಬರಲಿಲ್ಲವೆಂದು ದೂರುವುದರಿಂದ ಪ್ರಯೋಜನವೇನು? ಮಗುವಿನ ಕಷ್ಟವನ್ನು ಮೊದಲು ಗಮನಿಸಬೇಕಾದ ಕಣ್ಣುಗಳು ದುಡಿಮೆಯ ದಾರಿಯಲ್ಲಿರುವಾಗ, ಆ ಹೊಣೆ ಶಾಲೆಯ ಮೇಲೆಯೇ ಬೀಳುತ್ತದೆ.

ಇನ್ನೊಂದು ತೊಡಕು ಭಾಷೆಯದು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಮಾರಿಕುಪ್ಪಂಗಳ ಬಹಳಷ್ಟು ಮನೆಗಳಲ್ಲಿ ಆಡುಮಾತು ತಮಿಳು. ಸುತ್ತಣ ಹಳ್ಳಿಗಳ ಅನೇಕ ಮನೆಗಳಲ್ಲಿ ತೆಲುಗು. ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷು. ಎರಡನೆಯ ತರಗತಿಯ ಒಂದು ಮಗು ಕನ್ನಡ ಪಾಠವನ್ನು ಓದಲಾರದೆ ನಿಂತರೆ, ಅದು ಹೊಸ ಭಾಷೆಯ ಕಷ್ಟವೋ, ಓದುವ ಶಕ್ತಿಗೇ ಸಂಬಂಧಿಸಿದ ಕಲಿಕಾ ನ್ಯೂನತೆಯೋ ಎಂಬುದನ್ನು ಬಲ್ಲವರು ಯಾರು? ಮೊದಲನೆಯದಾದರೆ ಕಾಲವೂ ಅಭ್ಯಾಸವೂ ಸಾಕು. ಎರಡನೆಯದಾದರೆ ಬೇರೆಯ ಬೋಧನಾ ಕ್ರಮವೇ ಬೇಕು. ಒಂದನ್ನು ಮತ್ತೊಂದೆಂದು ತಿಳಿದರೆ ಎರಡು ಬಗೆಯ ಅನ್ಯಾಯ: ಆರೋಗ್ಯವಂತ ಮಗುವಿಗೆ ಇಲ್ಲದ ಕುಂದನ್ನು ಅಂಟಿಸಿದಂತಾಗುತ್ತದೆ, ಇಲ್ಲವೇ ನಿಜವಾಗಿ ನೆರವು ಬೇಕಾದ ಮಗುವಿನ ಅಮೂಲ್ಯ ವರ್ಷಗಳು ವ್ಯರ್ಥವಾಗುತ್ತವೆ. ಮಗುವಿನ ಮನೆಮಾತನ್ನು ಬಲ್ಲ, ಆ ಮಾತಿನಲ್ಲಿಯೇ ತಾಯಿಯನ್ನು ವಿಚಾರಿಸಬಲ್ಲ ಸಮಾಲೋಚಕರು ಈ ವ್ಯತ್ಯಾಸದ ಸುಳಿವನ್ನು ಹಿಡಿದು, ಮಗುವನ್ನು ಸರಿಯಾದ ಪರೀಕ್ಷೆಗೆ ಕಳುಹಿಸಬಲ್ಲರು.

ಆಪ್ತಸಮಾಲೋಚಕರ ಕೆಲಸವೆಂದರೆ ಬುದ್ಧಿವಾದ ಹೇಳುವುದು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ವಾಸ್ತವವಾಗಿ ಅವರ ಮೊದಲ ಕೆಲಸ ಕೇಳಿಸಿಕೊಳ್ಳುವುದು. ಅನಂತರ ತರಗತಿಯಲ್ಲಿ ಕುಳಿತು ಮಗುವನ್ನು ಗಮನಿಸುವುದು. ಶಿಕ್ಷಕರೊಡನೆ ಸೇರಿ ಮಗುವಿಗೆ ಯಾವ ಬೆಂಚು, ಎಷ್ಟು ಬರವಣಿಗೆ, ಯಾವ ಬಗೆಯ ಪ್ರಶ್ನೆ ಎಂಬುದನ್ನು ನಿರ್ಧರಿಸುವುದು. ಸಹಪಾಠಿಗಳ ಅಪಹಾಸ್ಯವನ್ನು ತಡೆಯುವುದು. ತಂದೆತಾಯಿಯರ ವಿಷಯ ಇನ್ನೂ ಸೂಕ್ಷ್ಮವಾದುದು. ಪೂರ್ವಜನ್ಮದ ಕರ್ಮವೆಂದು ಕೊರಗುವ ತಾಯಿಗೂ, ಹೊಡೆದರೆ ಸರಿಹೋಗುತ್ತಾನೆ ಎನ್ನುವ ತಂದೆಗೂ ಧೈರ್ಯ ತುಂಬಿ, ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಯಲ್ಲಿ ತಪಾಸಣೆ ಮಾಡಿಸಲು ದಾರಿ ತೋರಬೇಕು. ಪ್ರಮಾಣಪತ್ರ ಸಕಾಲದಲ್ಲಿ ದೊರೆತರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯುವ ಸಹಾಯಕರು ಮುಂತಾದ ಸೌಲಭ್ಯಗಳು ಸಿಗುತ್ತವೆ. ಈ ಕಾಗದಪತ್ರಗಳನ್ನು ಹತ್ತನೆಯ ತರಗತಿಯ ಕೊನೆಯ ತಿಂಗಳಲ್ಲಿ ಹುಡುಕುವುದಕ್ಕೂ ಎಂಟನೆಯ ತರಗತಿಯಲ್ಲಿಯೇ ಸಿದ್ಧಪಡಿಸುವುದಕ್ಕೂ ಇರುವ ಅಂತರವು ಒಂದು ಮಗುವಿನ ಭವಿಷ್ಯದ ಅಂತರವೇ ಆಗಬಹುದು.

ಕಾನೂನು ಕೂಡ ಈಗ ಈ ಮಕ್ಕಳ ಪರವಾಗಿದೆ. 1995ರ ಅಂಗವಿಕಲರ ಅಧಿನಿಯಮವು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಕಲಿಕಾ ನ್ಯೂನತೆಗೂ ಆಟಿಸಂಗೂ ಅದರಲ್ಲಿ ಸ್ಥಾನವಿರಲಿಲ್ಲ. 2016ರ ಅಧಿನಿಯಮವು ಈ ಸಂಖ್ಯೆಯನ್ನು 21ಕ್ಕೆ ಏರಿಸಿ, ಎಲ್ಲ ಮಕ್ಕಳೊಡನೆ ಕಲಿಯುವ ಹಕ್ಕನ್ನು ಇವರಿಗೂ ನೀಡಿತು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಶೇಷ ಶಿಕ್ಷಕರ ಪ್ರಮಾಣವನ್ನು ಪ್ರಾಥಮಿಕ ಹಂತದಲ್ಲಿ ಇಂತಹ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ಎಂದು ಸೂಚಿಸಿತು. 2025ರ ಜುಲೈ ತಿಂಗಳಲ್ಲಿ ಅದೇ ನ್ಯಾಯಾಲಯವು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯಲ್ಲಿಯೂ ಒಬ್ಬ ಅರ್ಹ ಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಬೇಕೆಂದು ನಿರ್ದೇಶಿಸಿತು. ಆದರೆ ಆಜ್ಞೆಯ ಭಯದಿಂದ ಮಾಡುವ ಕೆಲಸ ಕಡತದಲ್ಲಿಯೇ ಉಳಿಯುತ್ತದೆ ಎಂಬುದನ್ನು ಅನುಭವಸ್ಥರಾದ ಉಪಾಧ್ಯಾಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

'ಹಿಂದಿನ ಗುರುಗಳೇ ಸಮಾಲೋಚಕರಾಗಿರಲಿಲ್ಲವೇ, ಹೊಸ ಹುದ್ದೆ ಏತಕ್ಕೆ?' ಎಂದು ಹಿರಿಯರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಅಂತಹ ಗುರುಗಳಿಂದ ಬೆಳಕು ಕಂಡವರು ಈ ಸಂಚಿಕೆಯ ಓದುಗರಲ್ಲಿಯೇ ಅನೇಕರಿದ್ದಾರೆ. ಆದರೆ ತುಂಬಿದ ತರಗತಿ, ಮುಗಿಸಬೇಕಾದ ಪಾಠಗಳು, ತುಂಬಬೇಕಾದ ದಾಖಲೆಗಳ ನಡುವೆ ಇಂದಿನ ಶಿಕ್ಷಕರಿಗೆ ಒಂದು ಮಗುವಿನ ಬಳಿ ಅರ್ಧ ಗಂಟೆ ಕೂರುವ ಬಿಡುವಿಲ್ಲ. ಅಲ್ಲದೆ ಪ್ರೀತಿಯೊಂದರಿಂದಲೇ ಕಿವುಡುತನವನ್ನೋ ಆಟಿಸಂ ಅನ್ನೋ ಗುರುತಿಸಲಾಗದು. ಅದಕ್ಕೆ ಶಿಕ್ಷಣ ಬೇಕು. 'ವಿಶೇಷ ಶಾಲೆಗೆ ಕಳುಹಿಸಿಬಿಡಿ' ಎನ್ನುವವರೂ ಉಂಟು. ತೀವ್ರ ವೈಕಲ್ಯವುಳ್ಳ ಕೆಲವು ಮಕ್ಕಳಿಗೆ ಅದು ಬೇಕಾಗಬಹುದು. ಉಳಿದವರನ್ನು ದೂರದ ಊರಿಗೆ ಅಟ್ಟುವುದೆಂದರೆ, ದಿನಗೂಲಿಯ ತಾಯಿಯ ಪಾಲಿಗೆ ಶಾಲೆಯನ್ನೇ ಬಿಡಿಸಿದಂತೆ.

ಲಿಂಗಾಯತ ಮಠಗಳ ಪರಂಪರೆಗೆ ಈ ವಿಚಾರ ಹೊಸದಲ್ಲ. ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು ಹುಟ್ಟು ಅಂಧನಾದ ಒಬ್ಬ ಬಾಲಕನ ಕಂಠಸಿರಿಯನ್ನು ಗುರುತಿಸಿ ಸಂಗೀತ ಶಿಕ್ಷಣದ ಏರ್ಪಾಡು ಮಾಡಿದರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಅವರು ಕಟ್ಟಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಬೆಳೆದು, 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ 2010ರವರೆಗೆ ಅಸಂಖ್ಯ ಅಂಧ ಮಕ್ಕಳಿಗೆ ಆಶ್ರಯವಾದರು. ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಶ್ರೀಗಳವರು ಮಗುವಿಗೆ ಇಲ್ಲದುದನ್ನು ಎಣಿಸುತ್ತ ಕೂರದೆ ಇದ್ದುದಕ್ಕೆ ಕಿವಿಗೊಟ್ಟರು. ಸಮಾಲೋಚನೆಯ ಸಾರವೂ ಇದೇ ಆಗಿದೆ. ನಮ್ಮ ಗಣಿಗಳಲ್ಲಿಯೂ ಅದಿರನ್ನು ಒರೆಹಚ್ಚಿ ನೋಡದೆ ಯಾರೂ ಕಲ್ಲೆಂದು ಎಸೆಯುತ್ತಿರಲಿಲ್ಲ. ಮೂರು ಕಿಲೋಮೀಟರಿಗೂ ಆಳದಿಂದ ತಂದ ಒಂದು ಟನ್ ಅದಿರಿನಲ್ಲಿ ಕೆಲವೇ ಗ್ರಾಂ ಚಿನ್ನಕ್ಕಾಗಿ ಅಷ್ಟು ತಾಳ್ಮೆ ತೋರಿದ ನೆಲದಲ್ಲಿ, ಮಕ್ಕಳ ವಿಷಯದಲ್ಲಿ ಅವಸರ ಸಲ್ಲದು.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿಯೂ ದಾನಿಗಳಲ್ಲಿಯೂ ಒಂದು ವಿನಂತಿ. ಒಂದೊಂದು ಶಾಲೆಯೂ ಪೂರ್ಣಾವಧಿ ಹುದ್ದೆಯ ಭಾರವನ್ನು ಹೊರಲಾರದಿದ್ದರೆ, ಬಂಗಾರಪೇಟೆ ಮತ್ತು ಗಣಿ ಪ್ರದೇಶದ ಎರಡು ಮೂರು ಶಾಲೆಗಳು ಸೇರಿ, ವಾರದ ದಿನಗಳನ್ನು ಹಂಚಿಕೊಂಡು, ಒಬ್ಬರನ್ನು ನೇಮಿಸಿಕೊಳ್ಳಲಿ. ಅವರಿಗೆ ಬಾಗಿಲು ಮುಚ್ಚಬಹುದಾದ ಒಂದು ಚಿಕ್ಕ ಕೊಠಡಿ ಇರಲಿ. ಮಗು ಅಲ್ಲಿ ಹೇಳಿದ ಮಾತು ಶಿಕ್ಷಕರ ಕೊಠಡಿಯ ಹರಟೆಯಾಗದಿರಲಿ. ರಜೆ ಹಾಕಿದ ಶಿಕ್ಷಕರ ಪಾಠಕ್ಕೆ ಅವರನ್ನು ಕಳುಹಿಸದಿರಲಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರೊಡನೆ ಅವರು ನಿರಂತರ ಸಂಪರ್ಕವಿಟ್ಟುಕೊಳ್ಳಲಿ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾಗಿರುವವರು ವರ್ಷಕ್ಕೊಮ್ಮೆಯಾದರೂ ಬಂದು ಮಕ್ಕಳ ಕಣ್ಣು ಕಿವಿಗಳನ್ನು ಪರೀಕ್ಷಿಸಿದರೆ, ದಡ್ಡರೆನಿಸಿಕೊಂಡ ಕೆಲವರಿಗೆ ಬೇಕಾದದ್ದು ಕನ್ನಡಕ ಮಾತ್ರ ಎಂಬುದು ತಿಳಿದೀತು.

ಕೊಠಡಿಗೆ ದಾನವಿತ್ತವರ ಹೆಸರನ್ನು ಗೋಡೆಯ ಕಲ್ಲಿನಲ್ಲಿ ಕೆತ್ತಿಸುವ ಪದ್ಧತಿ ನಮ್ಮಲ್ಲಿದೆ. ಒಬ್ಬ ಸಮಾಲೋಚಕರ ವೇತನಕ್ಕೆ ಕೊಟ್ಟ ಹಣಕ್ಕೆ ಅಂತಹ ಕಲ್ಲು ಇರುವುದಿಲ್ಲ. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ನಡೆಸಿಕೊಂಡು ಬಂದ ಈ ನಾಡಿನ ಮಠಗಳ ಭಕ್ತರಿಗೆ ಕಲ್ಲಿನ ಹಂಗು ಬೇಕಾಗಿಲ್ಲ. ಅನ್ನವಿಟ್ಟು ಅಕ್ಷರ ಕಲಿಸಲು ಹೊರಟವರು, ಅಕ್ಷರವು ಒಲಿಯದ ಮಗುವನ್ನು ಪಂಕ್ತಿಯಿಂದ ಎಬ್ಬಿಸಲಾಗದು. ಮುಂದಿನ ಶೈಕ್ಷಣಿಕ ವರ್ಷದ ಆಯವ್ಯಯ ಪಟ್ಟಿಯಲ್ಲಿ ಈ ಒಂದು ಬಾಬ್ತು ಸೇರಲಿ ಎಂದು ಪೂಜ್ಯ ಶ್ರೀಗಳವರಲ್ಲಿಯೂ ಮಹನೀಯರೆಲ್ಲರಲ್ಲಿಯೂ ಸವಿನಯವಾಗಿ ಬಿನ್ನವಿಸಿಕೊಳ್ಳುತ್ತೇನೆ.