ಮದ್ದಳೆಯ ಬೆಲೆ

1872ರ ಭಾರತೀಯ ಕರಾರು ಕಾಯಿದೆಯ 25ನೆಯ ಕಲಮಿನಲ್ಲಿ ಒಂದು ದೃಷ್ಟಾಂತವಿದೆ. ಸಾವಿರ ರೂಪಾಯಿ ಬಾಳುವ ಕುದುರೆಯನ್ನು ಒಬ್ಬನು ಹತ್ತೇ ರೂಪಾಯಿಗೆ ಮಾರಲು ಒಪ್ಪುತ್ತಾನೆ. ಸಮ್ಮತಿ ಸ್ವತಂತ್ರವಾಗಿದ್ದರೆ, ಬೆಲೆ ಸಾಲದೆಂಬ ಕಾರಣ ಮಾತ್ರದಿಂದ ಆ ಕರಾರು ಅಸಿಂಧುವಾಗದು. ಆದರೆ ಸಮ್ಮತಿ ನಿಜಕ್ಕೂ ಸ್ವತಂತ್ರವಾಗಿತ್ತೇ ಎಂದು ತೀರ್ಮಾನಿಸುವಾಗ ನ್ಯಾಯಾಲಯವು ಆ ಬೆಲೆಯನ್ನು ಗಮನಿಸಬಹುದು.

ಕೊಳ್ಳುವವರಿಗೂ ಇದರಲ್ಲಿ ಪಾಠವಿದೆ. ಪ್ರಯೋಜನಕ್ಕಿಂತ ಹೆಚ್ಚು ಹಣ ತೆತ್ತೆವೆಂಬ ಒಂದೇ ಅಳಲಿಗೆ ಕಾನೂನಿನಲ್ಲಿ ಪರಿಹಾರವಿಲ್ಲ. ಬೆಲೆಯನ್ನೂ ಒಲವನ್ನೂ ತೂಗುವ ತಕ್ಕಡಿ ಮನೆಯಲ್ಲಿಯೇ ಇರಬೇಕು.

ಪಾರ್ತಿಸುಬ್ಬನ ಈ ಕುಂಬಳೆ ಸೀಮೆಯಲ್ಲಿ ಹಿಮ್ಮೇಳ ಕಲಿಯುವ ಮಗು ಸ್ವಂತ ಮದ್ದಳೆ ಬೇಕೆನ್ನುವುದು ಅಪರೂಪವಲ್ಲ. ಜೂನ್ ಮಳೆಯೊಡನೆ ಶಾಲೆ ತೆರೆಯುವಾಗ ಕೊಡೆ, ಚೀಲ, ಸಮವಸ್ತ್ರಗಳ ಖರ್ಚು ಎದುರಿಗಿರುತ್ತದೆ. ಮದ್ದಳೆಯ ಮರದ ಒಡಲು ಬಹುಕಾಲ ಬಾಳಿದರೂ ಚರ್ಮದ ಮುಚ್ಚಿಗೆ ಸವೆಯುತ್ತದೆ; ಅದಕ್ಕೆ ಮತ್ತೆ ಹಣ ಬೇಕು. ಬರಿಯ ಲೆಕ್ಕಕ್ಕೆ ಅದು ದುಂದು.

ಇಲ್ಲಿ ಕೇಳಬೇಕಾದದ್ದು ನ್ಯಾಯಾಲಯದ ಪ್ರಶ್ನೆಯನ್ನೇ: ಈ ಬಯಕೆ ಸ್ವತಂತ್ರವೇ? ನೆರೆಮನೆಯವರು ಕೊಂಡರೆಂದು, ಜಾಹೀರಾತು ಕರೆಯಿತೆಂದು, ಕಂತಿನಲ್ಲಿ ಸಿಗುವುದೆಂದು ಹುಟ್ಟಿದ ಆಸೆ ನಮ್ಮದಲ್ಲ. ಗುರುಗಳ ಮದ್ದಳೆಯ ಮೇಲೆ ತಿಂಗಳುಗಟ್ಟಲೆ ಕೈ ನೋಯಿಸಿಕೊಂಡು, ಯಾರೂ ನೋಡದಾಗಲೂ ಮೇಜಿನ ಮೇಲೆ ತಾಳ ನುಡಿಸುವ ಮಗುವಿನ ಆಸೆ ಅದರ ಸ್ವಂತದ್ದು. ಅಂತಹ ಆಸೆಗೆ ಸಾಲವಿಲ್ಲದೆ ಹಣ ಹೊಂದಿಸಬಹುದಾದರೆ ಆ ಖರ್ಚು ನಷ್ಟವಲ್ಲ. ಸಾಲವೇ ಮಾಡಬೇಕಾದರೆ ಒಂದು ವರ್ಷ ಕಾಯುವುದು ಮೇಲು. ನಿಜವಾದ ಒಲವು ಅಷ್ಟು ಕಾಲ ತಾಳುತ್ತದೆ.

ಒಲವಿನಿಂದ ಕೊಳ್ಳುವಾಗಲೂ ಎಚ್ಚರ ಬೇಕು. ವಸ್ತು ಯಾವ ಕೆಲಸಕ್ಕೆಂದು ಅದರ ವ್ಯಾಪಾರಿಗೆ ತಿಳಿಸಿ, ಅವನ ಪರಿಣತಿಯನ್ನು ನಂಬಿ ಕೊಂಡರೆ, ಅದು ಆ ಕೆಲಸಕ್ಕೆ ಒದಗಬೇಕೆಂಬುದು 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮಿನ ನಿಯಮ. ರಶೀದಿಯನ್ನು ಜೋಪಾನವಾಗಿಡಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಮಂಗಳೂರಿನಲ್ಲಿ ಕೊಂಡ ವಸ್ತುವಿನ ದೋಷಕ್ಕೂ ವಾಸಸ್ಥಳವಾದ ಕಾಸರಗೋಡಿನ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ದೂರಿಗೆ ಕಾರಣ ಒದಗಿದ ದಿನದಿಂದ 2 ವರ್ಷಗಳ ಅವಧಿಯಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.

ಸೀಳಿದ ಮದ್ದಳೆಗೆ ಆಯೋಗ ಪರಿಹಾರ ಕೊಡಿಸೀತು. ನುಡಿಸದೆ ಅಟ್ಟ ಸೇರಿದ ಮದ್ದಳೆಗೆ ಯಾವ ಆಯೋಗವೂ ಇಲ್ಲ.